ಸಂತೇಬೆನ್ನೂರಿನ ಮನೆಯಲ್ಲಿ ಎರಡು ರೂಟರ್

ಆ ಗುರುವಾರ ಬೆಳಿಗ್ಗೆ ಕಚೇರಿಗೆ ಬಂದ ಫೋನು ಇಂಟರ್ನೆಟ್ ಬರುತ್ತಿಲ್ಲ ಎಂಬ ದೂರಾಗಿರಲಿಲ್ಲ. ಚೆನ್ನಾಗಿಯೇ ಬರುತ್ತಿದೆ ಎಂದು ಆ ಕಡೆಯ ಹೆಂಗಸು ಮಾತು ಶುರುಮಾಡಿದರು. ಸಂತೇಬೆನ್ನೂರಿನವರು, ತ್ಯಾವಣಿಗೆಯ ಶಾಲೆಯಲ್ಲಿ ಟೀಚರ್. ಮನೆಯ ಕ್ಯಾಮೆರಾ ತಾನಾಗಿ ತಿರುಗುತ್ತದೆ, ನಿಮ್ಮಿಂದ ಏನಾದರೂ ಮಾಡಲಿಕ್ಕೆ ಆಗುತ್ತದೆಯೇ ಎಂದು ಕೇಳಿದರು. ಕ್ಯಾಮೆರಾ ನಮ್ಮದಲ್ಲ, ಮಾಡಿದ ಕಂಪನಿಯವರನ್ನು ಕೇಳಿ ಎಂದು ಹೇಳಿ ಫೋನ್ ಇಡಬಹುದಿತ್ತು. ಅಂಥ ಕರೆಗಳಿಗೆ ನಾನು ಹೇಳುತ್ತಿದ್ದದ್ದೂ ಅದನ್ನೇ. ಅಷ್ಟರಲ್ಲಿ ಅವರು ದನಿ ತಗ್ಗಿಸಿದರು.

"ನಾನು ಸೀರೆ ಬದಲಾಯ್ಸಾಕೆ ನಿಂತಾಗ ತಿರುಗ್ತೈತೆ ಮೇಡಂ."

ನಾನು ಕೆಲಸ ಮಾಡುತ್ತಿದ್ದದ್ದು ಚನ್ನಗಿರಿಯಲ್ಲಿ, ಮನೆಗಳಿಗೆ ಫೈಬರ್ ಎಳೆದು ಇಂಟರ್ನೆಟ್ ಕೊಡುವ ಒಂದು ಸಣ್ಣ ಕಚೇರಿಯಲ್ಲಿ. ನಮ್ಮ ಲೈನುಗಳು ಹೊನ್ನಾಳಿ, ನ್ಯಾಮತಿಯವರೆಗೂ ಹೋಗಿದ್ದವು. ಕಂಬ ಹತ್ತುವುದು, ಮನೆಯಲ್ಲಿ ರೂಟರ್ ಕೂರಿಸುವುದು ಲೈನ್‌ಮನ್‌ಗಳ ಕೆಲಸ. ಕಂಪ್ಯೂಟರಿನ ಮುಂದೆ ಕೂತು ಮಾಡುವುದೆಲ್ಲ ನನ್ನದು.

ಇಂಥ ದೂರು ಬಂದರೆ ಮೊದಲು ನೋಡಬೇಕಾದ್ದು ಆ ಮನೆಯ ವೈಫೈಗೆ ಯಾರು ಯಾರು ಸೇರಿಕೊಂಡಿದ್ದಾರೆ ಎಂಬುದನ್ನು. ಆ ಪಟ್ಟಿ ರೂಟರಿನೊಳಗೆ ಇರುತ್ತದೆ. ರೂಟರಿನೊಳಗೆ ಹೋಗಲು ಅದರ ಐಪಿ ವಿಳಾಸ ಗೊತ್ತಿರಬೇಕು. ಫೋನಿನ ಸೆಟ್ಟಿಂಗ್ಸಿನಲ್ಲಿ ವೈಫೈ ಹೆಸರಿನ ಮೇಲೆ ಒತ್ತಿ, ಗೇಟ್‌ವೇ ಎಂದಿರುವಲ್ಲಿನ ಅಂಕಿಗಳನ್ನು ಓದಿ ಎಂದು ಟೀಚರಿಗೆ ಹೇಳಿದೆ. ಮನೆಯೊಳಗಿನ ಫೋನು, ಟಿವಿ ಎಲ್ಲವೂ ಹೊರಗೆ ಹೋಗುವ ಬಾಗಿಲಿನ ನಂಬರು ಅದು. ನಮ್ಮ ಲೈನ್‌ಮನ್‌ಗಳು ಹಾಕುವ ರೂಟರುಗಳಲ್ಲಿ ಅದು ಯಾವಾಗಲೂ 192.168.1.1. ಟೀಚರ್ ಓದಿದ್ದು 192.168.0.1. ಇನ್ನೊಮ್ಮೆ ಓದಿಸಿದೆ. ಮೂರನೆಯ ಜಾಗದಲ್ಲಿ ಸೊನ್ನೆಯೇ ಇತ್ತು.

ಮನೆಯಲ್ಲಿ ಎಷ್ಟು ರೂಟರ್ ಇವೆ ಎಂದು ಕೇಳಿದೆ. ಇರುವುದು ಒಂದು, ಅದೂ ನಮ್ಮ ಪಾಲಿನಲ್ಲಿ ಇಲ್ಲ ಎಂದರು. ಎರಡು ವರ್ಷದ ಕೆಳಗೆ ಮನೆ ಪಾಲಾಗಿ ನಡುವೆ ಗೋಡೆ ಎದ್ದಿತ್ತು. ಆ ಕಡೆ ಅವರ ಗಂಡನ ಅಣ್ಣ, ಈ ಕಡೆ ಟೀಚರ್ ಮತ್ತು ಅವರ ಅತ್ತೆ. ಗಂಡನಿಗೆ ಜಗಳೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾರೆ. ಒಲೆ, ದನ, ನಲ್ಲಿ, ಕರೆಂಟಿನ ಮೀಟರು ಎಲ್ಲವನ್ನೂ ಹಿರಿಯರು ಕೂತು ಪಾಲು ಮಾಡಿದ್ದರು. ವೈಫೈ ಯಾರಿಗೂ ನೆನಪಾಗಿರಲಿಲ್ಲ. ಅದು ಅಣ್ಣನ ಕಡೆಯ ಪಡಸಾಲೆಯಲ್ಲೇ ಉಳಿದು ಎರಡೂ ಮನೆಗೆ ಒಂದೇ ಆಗಿತ್ತು.

ಅವರನ್ನು ಫೋನಿನಲ್ಲೇ ಇರಿಸಿಕೊಂಡು ಕಚೇರಿಯಿಂದಲೇ ಆ ಮನೆಯ ರೂಟರನ್ನು ತೆರೆದೆ. ನಮ್ಮ ಜಾಲದಲ್ಲಿರುವ ಯಾವ ಮನೆಯ ರೂಟರನ್ನಾದರೂ ಹೀಗೆ ದೂರದಿಂದ ತೆರೆಯಬಹುದಿತ್ತು. ಆ ಅನುಕೂಲ ಮಾಡಿದವಳು ನಾನೇ. ಅದಕ್ಕೂ ಮೊದಲು ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡುವುದಕ್ಕೆ ಲೈನ್‌ಮನ್ ಮೂವತ್ತು ಕಿಲೋಮೀಟರ್ ಬೈಕ್ ಓಡಿಸಬೇಕಾಗುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಎಲ್ಲ ಮನೆಗಳಲ್ಲೂ ದೂರದ ಪ್ರವೇಶವನ್ನು ಆನ್ ಮಾಡಿಸಿ ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಡಿಸಿದ್ದೆ. ಮಾಲೀಕರು ಬಹಳ ಮೆಚ್ಚಿದ್ದರು.

ಪಟ್ಟಿಯಲ್ಲಿ ಟೀಚರ ಫೋನೇ ಇರಲಿಲ್ಲ. ಅಣ್ಣನ ಮನೆಯ ಫೋನುಗಳು, ಒಂದು ಕ್ಯಾಮೆರಾ, ಅವುಗಳ ಜೊತೆಗೆ ಇನ್ನೊಂದು ರೂಟರ್ ಇತ್ತು. ಟೀಚರ ಮನೆಯ ಬಾಗಿಲಿಗೂ ನಮ್ಮ ರೂಟರಿಗೂ ನಡುವೆ ಯಾರೋ ಮತ್ತೊಂದು ಬಾಗಿಲು ಕೂರಿಸಿದ್ದರು. ಅದರೊಳಗೆ ಏನಿದೆ ಎಂದು ಚನ್ನಗಿರಿಯಿಂದ ಕಾಣುವಂತಿರಲಿಲ್ಲ. ನಾನೇ ಬರುತ್ತೇನೆ ಎಂದೆ.

"ಬರೋದಾದ್ರೆ ಇವತ್ತೇ ಬನ್ರಿ" ಎಂದರು ಟೀಚರ್. "ಭಾನುವಾರ ಹಿರಿಯರನ್ನ ಕರ್ಸೀನಿ. ಎಲ್ರ ಮುಂದೆ ನಮ್ಮ ಭಾವನ ಹೆಸರು ಹೇಳೋದಂತ ತೀರ್ಮಾನ ಮಾಡೀನಿ. ಹೇಳಿದ ಮೇಲೆ ವಾಪಸ್ ತಗಣಾಕೆ ಆಗಲ್ಲ."

ಶಾಲೆ ಬಿಟ್ಟು ಅವರು ಬರುವ ಹೊತ್ತಿಗೆ ಸರಿಯಾಗಿ ನಾನೂ ಸಂತೇಬೆನ್ನೂರಿನ ಬಸ್ ಇಳಿದೆ. ಮನೆಯ ಈ ಪಾಲಿಗೆ ಒಂದು ಹಾಲ್, ಒಂದು ಅಡುಗೆಮನೆ ಮಾತ್ರ ಬಂದಿತ್ತು. ಸೊಂಟದ ಮೂಳೆ ಮುರಿದಿದ್ದ ಅತ್ತೆಯವರು ಹಾಲಿನ ಮಂಚದ ಮೇಲೆ ಮಲಗಿದ್ದರು. ಅವರೊಮ್ಮೆ ಒಬ್ಬರೇ ಏಳಲು ಹೋಗಿ ಬಿದ್ದದ್ದರಿಂದಲೇ ಕ್ಯಾಮೆರಾ ಬಂದದ್ದು. ಶಾಲೆಯ ಬಿಡುವಿನಲ್ಲಿ ಟೀಚರ್ ಫೋನಿನಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದರು. ಕಿತ್ತೆಸೆಯಲಿಕ್ಕೆ ಆಗುತ್ತಿರಲಿಲ್ಲ. ಈಗ ಅದರ ಮೇಲೆ ಒಂದು ಟವಲ್ ಹೊದಿಸಿದ್ದರು.

"ನಾನಿನ್ನೂ ಇದ್ದೀನಾ ಹೋದ್ನಾ ಅಂತ ನೋಡಾಕೆ ಹಾಕ್ಯಾಳೆ" ಎಂದು ಅತ್ತೆ ನಕ್ಕರು. ಅವರಿಗೆ ವಿಷಯ ಪೂರ್ತಿ ಹೇಳಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ನಗು ನಿಲ್ಲಿಸಿ ಅವರೇ ಮುಂದುವರಿಸಿದರು. "ನಾನು ಇಡೀ ದಿನ ಇಲ್ಲೇ ಬಿದ್ದಿರ್ತೀನಿ, ಅದು ಅಲ್ಲಾಡಲ್ಲವ್ವ. ಸೊಸೆ ಬಂದ್ಲು ಅಂದ್ರೆ ಅವಳ ಹಿಂದೆ ತಿರುಗ್ತೈತೆ. ಅದಕ್ಕೂ ಮುದುಕೀರು ಬ್ಯಾಡ."

ಟೀಚರ್ ನನ್ನ ಮುಖ ನೋಡಲಿಲ್ಲ. ನಾನು ಲ್ಯಾಪ್‌ಟಾಪ್ ತೆರೆದು ಕೂತೆ.

ಲ್ಯಾಪ್‌ಟಾಪನ್ನು ಅವರ ವೈಫೈಗೆ ಸೇರಿಸಿ ವಿಳಾಸ ಕೇಳಿದೆ. ಅದೇ, 192.168.0.1. ಇಲ್ಲಿಂದ ಹೊರಗೆ ಹೋಗುವ ದಾರಿಯನ್ನು ಒಂದೊಂದೇ ಮೆಟ್ಟಿಲಾಗಿ ತೋರಿಸುವ ಆಜ್ಞೆಯೊಂದಿದೆ. ಅದನ್ನು ಕೊಟ್ಟೆ. ಮೊದಲ ಮೆಟ್ಟಿಲು ಈ ಗೊತ್ತಿಲ್ಲದ ರೂಟರ್. ಎರಡನೆಯದು 192.168.1.1, ಗೋಡೆಯಾಚೆಗಿನ ನಮ್ಮದು. ಮೂರನೆಯದರಿಂದ ನಮ್ಮ ಕಚೇರಿಯ ಜಾಲ. ಮೊದಲನೆಯದು ಎಲ್ಲಿದೆ ಎಂದು ಹುಡುಕಲು ಫೋನ್ ಹಿಡಿದು ಹಾಲಿನಲ್ಲಿ ನಡೆದಾಡಿದೆ, ಸಿಗ್ನಲ್ ಎಲ್ಲಿ ಹೆಚ್ಚುತ್ತದೆ ಎಂದು ನೋಡುತ್ತ. ಅಡುಗೆಮನೆಯ ಅಟ್ಟದ ಕೆಳಗೆ ಅದು ತುಂಬಿತು. ಸ್ಟೂಲ್ ಹತ್ತಿ ನೋಡಿದರೆ ಹಳೆಯ ಹಿತ್ತಾಳೆ ಕೊಳಗದ ಹಿಂದೆ ಒಂದು ಚಿಕ್ಕ ಬಿಳಿ ರೂಟರ್. ಗೋಡೆ ಕೊರೆದು ಆ ಕಡೆಯಿಂದ ವೈರ್ ತಂದಿದ್ದರು.

"ಕಂಡ್ರಾ? ನಾನು ಹೇಳ್ಲಿಲ್ವಾ?" ಎಂದರು ಟೀಚರ್.

ಭಾವನವರನ್ನು ಕರೆಸಿ ಎಂದೆ. ಕರೆಸುವ ತನಕ ಅವರೇ ಇರಬೇಕೆಂದು ನಾನೂ ನಂಬಿದ್ದೆ. ಐವತ್ತು ದಾಟಿದ ಮನುಷ್ಯ, ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ಅದನ್ನು ಕೂರಿಸಿದ್ದು ತಾವೇ ಎಂದು ಕೇಳುವ ಮೊದಲೇ ಒಪ್ಪಿಕೊಂಡರು. ಗೋಡೆ ಎದ್ದ ಮೇಲೆ ಈ ಕಡೆಗೆ ಸಿಗ್ನಲ್ ಬರುತ್ತಿರಲಿಲ್ಲವಂತೆ. ತಮ್ಮ ಜಗಳೂರಿನಿಂದ ಬಂದಾಗ ಫೋನ್ ಹಿಡಿದು ಅಂಗಳದಲ್ಲಿ ನಿಲ್ಲುವುದನ್ನು ನೋಡಿ, ಟೀಚರ್ ಶಾಲೆಗೆ ಹೋಗಿದ್ದ ಹೊತ್ತಿನಲ್ಲಿ, ತಾಯಿಗೆ ಹೇಳಿ ಹಾಕಿಸಿದ್ದರು. ಟೀಚರ ಫೋನನ್ನೂ ಟಿವಿಯನ್ನೂ ಅದರ ವೈಫೈಗೆ ಸೇರಿಸಿದ್ದು ತಮ್ಮನೇ ಅಂತೆ. ಮಂಚದ ಮೇಲಿಂದ ಅತ್ತೆ, ಹೌದು, ಯಾವುದೋ ಡಬ್ಬಿ ಇಟ್ಟು ಹೋದ ನೆನಪು ಎಂದರು.

"ತಮ್ಮಗೆ ಹೇಳಿದ್ದೆ. ಅವನು ಹೇಳಿರ್ತಾನೆ ಅನ್ಕಂಡಿದ್ದೆ ನಾನು" ಎಂದರು ಭಾವ. "ನನಗೇನು ಅವ್ರ ಜೊತೆ ಮಾತಿಲ್ಲಲ್ಲಮ್ಮ."

ನಂಬುವುದೋ ಬಿಡುವುದೋ ತಿಳಿಯಲಿಲ್ಲ. ಅವರನ್ನು ಅಲ್ಲೇ ನಿಲ್ಲಲು ಹೇಳಿ, ಚಿಕ್ಕ ರೂಟರಿನ ತಳದಲ್ಲಿ ಅಚ್ಚಾಗಿದ್ದ ಪಾಸ್‌ವರ್ಡ್ ಕೊಟ್ಟು ಅದರ ಪುಟ ತೆರೆದೆ. ಅದರಲ್ಲಿ ಟೀಚರ ಫೋನು, ಟಿವಿ, ನಾನು ಸೇರಿಸಿದ್ದು ಬಿಟ್ಟರೆ ಏನೂ ಇರಲಿಲ್ಲ. ಕ್ಯಾಮೆರಾ ಇದರಲ್ಲಿ ಇಲ್ಲವೇ ಇಲ್ಲ. ಪಾಲಾಗುವ ಮೊದಲೇ ಗೋಡೆಗೆ ಹಾಕಿದ್ದ ಅದು ಹಳೆಯ ವೈಫೈ ಹೆಸರನ್ನೇ ಹಿಡಿದುಕೊಂಡು, ಕ್ಷೀಣ ಸಿಗ್ನಲಿನಲ್ಲಿ ಗೋಡೆಯಾಚೆಯ ರೂಟರಿಗೇ ಸೇರಿತ್ತು. ಹಾಗಾದರೆ ಆ ರೂಟರಿನೊಳಗೇ ನೋಡಬೇಕು. 192.168.1.1 ಒತ್ತಿದೆ, ಎಲ್ಲ ಮನೆಗಳಿಗೂ ನಾನಿಟ್ಟಿದ್ದ ಪಾಸ್‌ವರ್ಡ್ ಕೊಟ್ಟೆ.

ಮನೆಬಳಕೆಯ ರೂಟರಿನಲ್ಲಿ ಸಾಮಾನ್ಯವಾಗಿ ಖಾಲಿ ಇರುವ ಒಂದು ಪುಟವಿದೆ. ಹೊರಗಿನಿಂದ ಬಂದವರನ್ನು ಒಳಗಿನ ಯಾವ ಯಂತ್ರಕ್ಕೆ ನೇರವಾಗಿ ಕಳಿಸಬೇಕು ಎಂಬ ನಿಯಮಗಳನ್ನು ಅಲ್ಲಿ ಬರೆಯುತ್ತಾರೆ. ಇಲ್ಲಿ ಒಂದು ನಿಯಮವಿತ್ತು. ಅದು ತೋರಿಸುತ್ತಿದ್ದದ್ದು ಕ್ಯಾಮೆರಾದ ವಿಳಾಸವನ್ನು. ಮುಂದೆ 'ಆಫ್' ಎಂದಿತ್ತು. ಕ್ಯಾಮೆರಾ ಕೂರಿಸಿದ ಕಾಲದ್ದು, ಹಾಗೇ ಉಳಿದಿರಬೇಕು ಎಂದುಕೊಂಡು ರೂಟರಿನ ದಿನಚರಿ ತೆರೆದೆ. ರೂಟರಿನೊಳಗೆ ಯಾರು ಯಾವಾಗ ಬಂದರು ಎಂದು ಅದು ತಾನೇ ಬರೆದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ನಾನು ಕಚೇರಿಯಿಂದ ಬಂದದ್ದು ಇತ್ತು. ಅದರ ಕೆಳಗೆ ಸಾಲುಸಾಲಾಗಿ ಇನ್ನೊಂದೇ ವಿಳಾಸ. ಹೊರಗಿನದು, 10ರಿಂದ ಶುರುವಾಗುವಂಥದ್ದು. ಸೋಮವಾರ ಸಂಜೆ ಐದು. ಮಂಗಳವಾರ ಐದು ದಾಟಿ ಹತ್ತು ನಿಮಿಷ. ಬುಧವಾರ ಐದು. ಹಿಂದಿನ ಶನಿವಾರ ಮಾತ್ರ ಮಧ್ಯಾಹ್ನ ಒಂದು ಗಂಟೆ. ಭಾನುವಾರಗಳಲ್ಲಿ ಏನೂ ಇಲ್ಲ.

ಶನಿವಾರ ಶಾಲೆ ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಟೀಚರನ್ನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ.

ಪುಟವನ್ನು ಮತ್ತೊಮ್ಮೆ ತೆರೆಸಿದೆ. ಮೇಲೆ ಹೊಸ ಸಾಲು ಬಂದಿತ್ತು. ಅದೇ ವಿಳಾಸ, ಸಮಯ ಐದು ದಾಟಿ ಆರು ನಿಮಿಷ. ಲ್ಯಾಪ್‌ಟಾಪಿನ ಮೂಲೆಯ ಗಡಿಯಾರದಲ್ಲೂ ಐದು ದಾಟಿ ಆರು ನಿಮಿಷವೇ ಇತ್ತು. ನಿಯಮದ ಪುಟಕ್ಕೆ ಹಿಂತಿರುಗಿದೆ. 'ಆಫ್' ಎಂದಿದ್ದದ್ದು 'ಆನ್' ಆಗಿತ್ತು. ಆಗ ಟವಲ್ಲಿನ ಕೆಳಗೆ ಸಣ್ಣ ಮೋಟಾರು ಗುಂಯ್ ಎಂದಿತು. ಟವಲ್ಲಿನ ಒಂದು ಅಂಚು ನಿಧಾನವಾಗಿ ಎಡಕ್ಕೆ ಎಳೆದುಕೊಂಡಿತು, ನಿಂತಿತು, ಮತ್ತೆ ಬಲಕ್ಕೆ.

ಭಾವ ಬಾಗಿಲಲ್ಲಿ ಎರಡೂ ಕೈ ಕಟ್ಟಿಕೊಂಡು ನಿಂತಿದ್ದರು. ಟೀಚರ್ ಅವರ ಕೈಗಳನ್ನು ನೋಡಿದರು, ಕ್ಯಾಮೆರಾ ನೋಡಿದರು, ಗೋಡೆಗೆ ಒರಗಿ ಕೂತುಬಿಟ್ಟರು. ಮಾತು ಆಡಿದರೆ ಅದಕ್ಕೆ ಕೇಳಿಸುತ್ತದೆಯೇ ಎಂದು ಕಣ್ಣಲ್ಲೇ ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ.

ಅಂಗಳಕ್ಕೆ ಹೋಗಿ ಮಾಲೀಕರಿಗೆ ಫೋನ್ ಮಾಡಿದೆ. ಅವರದ್ದು ಯಾವಾಗಲೂ ಒಂದೇ ಔಷಧಿ. "ರೀಸೆಟ್ ಹೊಡ್ದು ಬಾರಮ್ಮ. ಎಲ್ಲಾ ಅಳಿಸಿ ಹೋಗ್ತೈತೆ, ಅವರಿಗೂ ನೆಮ್ಮದಿ, ನಮಗೂ ನೆಮ್ಮದಿ." ರೂಟರಿನ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ಹತ್ತು ಸೆಕೆಂಡ್ ಹಿಡಿದರೆ ನಿಯಮ ಹೋಗುತ್ತದೆ, ಪಾಸ್‌ವರ್ಡ್ ಹೋಗುತ್ತದೆ. ದಿನಚರಿಯೂ ಹೋಗುತ್ತದೆ. ಆ 10ರ ವಿಳಾಸ ನಮ್ಮ ಜಾಲದೊಳಗಿನದು ಎಂದು ಆ ಹೊತ್ತಿಗೆ ನನಗೆ ಅರ್ಥವಾಗಿತ್ತು. ನಮ್ಮಿಂದಲೇ ಇಂಟರ್ನೆಟ್ ಪಡೆದ ಯಾವುದೋ ಮನೆಯ ರೂಟರಿನ ಹೊರವಿಳಾಸ. ಆ ಮನೆಯಲ್ಲಿ ಕೂತವರಿಗೆ ನನ್ನ ಪಾಸ್‌ವರ್ಡ್ ಗೊತ್ತಿತ್ತು. ಅದು ಗೊತ್ತಿದ್ದದ್ದು ಐದೇ ಜನಕ್ಕೆ: ನಾನು, ಮಾಲೀಕರು, ಮೂವರು ಲೈನ್‌ಮನ್‌ಗಳು.

ಆಯ್ತು ಸರ್ ಎಂದೆ. ರೀಸೆಟ್ ಮಾಡಲಿಲ್ಲ.

ಒಳಗೆ ಬಂದು ದಿನಚರಿಯ ಪ್ರತಿ ಪುಟದ ಫೋಟೊ ತೆಗೆದೆ, ಫೈಲಾಗಿಯೂ ಉಳಿಸಿಕೊಂಡೆ. ಟವಲ್ ಬಿಟ್ಟರೆ ಬೇರೇನೂ ಕಾಣದ ಕಾರಣಕ್ಕೋ ಏನೋ ನಾಲ್ಕು ನಿಮಿಷಕ್ಕೆ ನಿಯಮ ಮತ್ತೆ 'ಆಫ್' ಆಯಿತು. ಅದು ಆದ ಮೇಲೆ ದೂರದ ಪ್ರವೇಶವನ್ನು ಮುಚ್ಚಿ, ಪಾಸ್‌ವರ್ಡ್ ಬದಲಿಸಿ, ಹೊಸದನ್ನು ಟೀಚರ ಕೈಯಲ್ಲೇ ಒತ್ತಿಸಿದೆ. ಅದೇನೆಂದು ನನಗೆ ಹೇಳಬೇಡಿ ಎಂದೆ.

ಯಾರು ಎಂದು ಅವರು ಕೇಳಿದರು. ನಾಳೆ ಕಚೇರಿಯ ಪಟ್ಟಿ ನೋಡಿದರೆ ತಿಳಿಯುತ್ತದೆ ಎಂದೆ. ಬಾಗಿಲು ತೆರೆದಿಟ್ಟವಳು ನಾನು ಎಂಬ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ನನ್ನ ಬಾಡಿಗೆ ಕೋಣೆಯ ರೂಟರಿಗೂ ಅದೇ ಪಾಸ್‌ವರ್ಡ್ ಇದೆ ಎಂಬುದು ನೆನಪಾಯಿತು. ಚನ್ನಗಿರಿ ತಲುಪಿ ಬೀಗ ತೆಗೆದವಳು ದೀಪ ಹಾಕದೆ ಮೊದಲು ಅದರ ವೈರ್ ಕಿತ್ತೆ.

ಶುಕ್ರವಾರ ಕಚೇರಿಗೆ ಎಲ್ಲರಿಗಿಂತ ಮುಂಚೆ ಹೋದೆ. ನಮ್ಮಲ್ಲಿ ಪ್ರತಿ ಮನೆಗೂ ಒಂದು ಖಾಯಂ ವಿಳಾಸ. ಯಾವುದು ಯಾರದ್ದು ಎಂದು ನಾನೇ ಪಟ್ಟಿ ಇಟ್ಟಿದ್ದೆ. ಹುಡುಕಲು ಒಂದು ನಿಮಿಷವೂ ಹಿಡಿಯಲಿಲ್ಲ. ಹೊನ್ನಾಳಿಯ ಮನೆ. ಹೆಸರಿನ ಮುಂದೆ 'ಸಿಬ್ಬಂದಿ' ಎಂದಿತ್ತು.

ನಮ್ಮ ಹಿರಿಯ ಲೈನ್‌ಮನ್. ನನಗೆ ಫೈಬರ್ ಜೋಡಿಸುವುದನ್ನು ಕಲಿಸಿದವರು. ಊರೂರಿನ ಹೆಂಗಸರು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. ರೂಟರ್ ಹಾಕಲು ಹೋದವರ ಕೈಗೆ, ಅಣ್ಣ ಇದನ್ನೂ ಸ್ವಲ್ಪ ನೋಡಿ ಎಂದು ಮಿಕ್ಸಿ, ಫೋನು, ಕ್ಯಾಮೆರಾ ಎಲ್ಲವನ್ನೂ ಕೊಡುತ್ತಿದ್ದರು. ನಾನೂ ಅಣ್ಣ ಎನ್ನುತ್ತಿದ್ದೆ. ಟೀಚರ ಹಾಲಿನ ಗೋಡೆಗೆ ಆ ಕ್ಯಾಮೆರಾ ಕೂರಿಸಿದ್ದು ಅವರೇ ಎಂದು ನಮ್ಮ ಹಳೆಯ ಕೆಲಸದ ಪುಸ್ತಕದಲ್ಲಿತ್ತು.

ಮೆಟ್ಟಿಲ ಮೇಲೆ ಅವರ ಬೂಟಿನ ಸದ್ದು ಕೇಳಿದಾಗ ಪಟ್ಟಿ ಇನ್ನೂ ಪರದೆಯ ಮೇಲೆ ಇತ್ತು. ಮುಚ್ಚಿದೆ. ಅವರು ಕೇಬಲ್ ಸುರುಳಿ ತೆಗೆದುಕೊಂಡು ಹೋಗಲು ಬಂದಿದ್ದರು. ಕಚೇರಿಯಲ್ಲಿ ಇದ್ದದ್ದು ನಾವಿಬ್ಬರೇ.

"ಏನಮ್ಮ ಇಂಜಿನಿಯರ್, ಬೆಳಬೆಳಗ್ಗೆ ಬಂದು ಕುಂತೀಯ. ಮಾಲೀಕರು ಆಸ್ತಿಪಾಸ್ತಿ ಬರ್ದು ಕೊಡ್ತಾರೇನು?"

ಏನೋ ಬಾಕಿ ಕೆಲಸ ಎಂದೆ.

ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ನನ್ನ ಮೇಜಿನ ಹತ್ತಿರ ಬಂದು ನಿಂತರು. "ಸಂತೇಬೆನ್ನೂರಿಗೆ ಹೋಗಿದ್ಯಂತೆ."

"ಹೂಂ ಅಣ್ಣ."

"ರೀಸೆಟ್ ಹೊಡ್ದ್ಯಾ?"

ರೀಸೆಟ್ ಮಾಡಿದರೂ ದೂರದ ಪ್ರವೇಶ ಮುಚ್ಚಿಹೋಗುತ್ತದೆ. ಅವರು ರಾತ್ರಿ ಬಡಿದು ನೋಡಿದ್ದರೂ ಕಂಡದ್ದು ಮುಚ್ಚಿದ ಬಾಗಿಲಷ್ಟೇ.

"ಹೊಡ್ದೆ" ಎಂದೆ.

ಅವರು ನನ್ನ ಪರದೆಯ ಕಡೆ ಒಮ್ಮೆ ಬಗ್ಗಿ ನೋಡಿದರು. "ಒಳ್ಳೇ ಕೆಲ್ಸ ಮಾಡ್ದೆ ಬಿಡು" ಎಂದು ಹೆಗಲ ಮೇಲಿನ ಸುರುಳಿ ಸರಿಮಾಡಿಕೊಂಡು ಇಳಿದುಹೋದರು. ಬೈಕಿನ ಸದ್ದು ದೂರವಾಗುವವರೆಗೂ ನಾನು ಏಳಲಿಲ್ಲ. ಎದ್ದು ಒಳಗಿನಿಂದ ಚಿಲಕ ಹಾಕಿದೆ.

ಮಾಲೀಕರು ಬಂದ ಮೇಲೆ ಫೋಟೊಗಳನ್ನು, ಪಟ್ಟಿಯನ್ನು ಮುಂದಿಟ್ಟೆ. ಅವರು ಒಂದೊಂದನ್ನೇ ತಿರುವಿ ನೋಡಿದರು. ಆಮೇಲೆ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಕೆಲಸದಿಂದ ತೆಗೆಯೋಣ, ನಾಲ್ಕು ಗೋಡೆಯ ಒಳಗೇ ಮುಗಿಸೋಣ ಎಂದರು. ಇದು ಹೊರಬಿದ್ದರೆ ನಾಳೆ ಯಾರ ಮನೆಯೊಳಕ್ಕೂ ನಮ್ಮವರನ್ನು ಬಿಡುವುದಿಲ್ಲ ಎಂದೂ ಹೇಳಿದರು. ಅದು ನಿಜವೇ. ಮುಗಿಸುವುದೋ ಬಿಡುವುದೋ ಟೀಚರ್ ಹೇಳಬೇಕು ಸರ್ ಎಂದೆ. ಅವರೆದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ಟೀಚರಿಗೆ ಅದೇ ಸಂಜೆ ಹೆಸರು ಹೇಳಿದೆ. ಅವರು ಅಳಲಿಲ್ಲ. ಅವನು ನಮ್ಮ ಮನೆಯಲ್ಲಿ ಊಟ ಮಾಡಿದ್ದ ಎಂದಷ್ಟೇ ಅಂದರು. ಭಾನುವಾರ ಬರಬೇಡಿ ಎಂದು ಹಿರಿಯರಿಗೆ ಹೇಳಿಕಳಿಸಿದರು. ಶನಿವಾರ ಬೆಳಿಗ್ಗೆ ದಾವಣಗೆರೆಯ ಸೈಬರ್ ಠಾಣೆಗೆ ನಮ್ಮಿಬ್ಬರನ್ನೂ ಕಾರಿನಲ್ಲಿ ಕರೆದುಕೊಂಡು ಹೋದದ್ದು ಆ ಭಾವನೇ. ಠಾಣೆಯ ಮುಂದೆ ಕಾರು ನಿಲ್ಲಿಸಿ ಅವರು ಹಿಂದಿನ ಸೀಟಿನ ಕಡೆ ತಿರುಗದೆ, "ನಾನಿಲ್ಲೇ ಇರ್ತೀನಿ. ಎಷ್ಟೊತ್ತಾದ್ರೂ ಆಗ್ಲಿ" ಎಂದರು.

ಒಳಗೆ ಒಬ್ಬ ಮಹಿಳಾ ಅಧಿಕಾರಿ ಬರೆದುಕೊಂಡರು. ಟೀಚರ್ ಹೇಳಿ ಮುಗಿಸಿದ ಮೇಲೆ ನನ್ನ ಸರದಿ. ಮೊದಲ ವಿಳಾಸದಿಂದ ಹೊನ್ನಾಳಿಯ ಮನೆಯವರೆಗೆ ಒಂದೊಂದೇ ಹೇಳುತ್ತ ಬಂದೆ. ಹೊರಗಿನಿಂದ ರೂಟರ್ ತೆರೆಯುವುದು ಹೇಗೆ ಸಾಧ್ಯವಾಯಿತು ಎಂದು ಅವರು ಕೇಳಿದರು. ಎರಡು ದಿನ ನುಂಗಿಕೊಂಡಿದ್ದದ್ದನ್ನು ಟೀಚರ ಪಕ್ಕದಲ್ಲೇ ಕೂತು ಹೇಳಬೇಕಾಯಿತು. ದೂರದ ಪ್ರವೇಶ ಆನ್ ಮಾಡಿಸಿದ್ದು ನಾನು, ಎಲ್ಲ ಮನೆಗೂ ಒಂದೇ ಪಾಸ್‌ವರ್ಡ್ ಇಡಿಸಿದ್ದು ನಾನು.

ಅಧಿಕಾರಿ ಪೆನ್ನು ನಿಲ್ಲಿಸಿ, "ಇದನ್ನೂ ಬರೀಲಾ?" ಎಂದರು.

"ಬರೀರಿ."

ಟೀಚರ್ ನನ್ನ ಕಡೆ ತಿರುಗಿದರು. ಆ ಕ್ಷಣ ನನಗಾದ ಭಯ ಟವಲ್ ಅಲುಗಿದಾಗಲೂ ಆಗಿರಲಿಲ್ಲ. ಅವರು ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಅವನ ಹತ್ರ ನನ್ನದು ಏನಾದ್ರೂ ಉಳ್ದೈತಾ?" ಎಂದು ಕೇಳಿದರು.

ರೂಟರಿನ ದಿನಚರಿಯಲ್ಲಿ ಬಂದದ್ದು ಇರುತ್ತದೆ, ಹೋದದ್ದು ಇರುತ್ತದೆ. ಏನು ಒಯ್ದರು ಎಂಬುದು ಇರುವುದಿಲ್ಲ. ಅವನ ಫೋನನ್ನು ಪೊಲೀಸರು ನೋಡಬೇಕು. ನೋಡಿದ ಮೇಲೂ ಪೂರ್ತಿ ತಿಳಿಯುತ್ತದೆ ಎನ್ನಲಾಗದು. ಇಲ್ಲ ಎನ್ನಲು ಬಾಯಿಗೆ ಬಂದಿತ್ತು.

"ಗೊತ್ತಿಲ್ಲ ಟೀಚರ್" ಎಂದೆ.

ಅವರು ಮೇಜಿನ ಮೇಲಿನ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. "ಎಷ್ಟು ಮನೆಗೆ ಹಿಂಗೆ ಮಾಡೀಯ?"

"ಎಲ್ಲಾ ಮನೆಗೂ."

"ಹಂಗಾದ್ರೆ ಎಲ್ಲಾ ಮನೆಗೂ ಹೋಗಿ ಹೇಳ್ಬೇಕು ನೀನು. ಫೋನಲ್ಲಲ್ಲ, ಹೋಗಿ."

ಅಷ್ಟು ಹೇಳಿ ತಮ್ಮ ದೂರಿನ ಮೇಲೆ ಸಹಿ ಹಾಕಿದರು. ಊರಿನ ಹೆಸರು, ಶಾಲೆಯ ಹೆಸರು, ತಮ್ಮ ಪೂರ್ತಿ ಹೆಸರು, ಯಾವುದನ್ನೂ ಮುಚ್ಚಲಿಲ್ಲ.

ಪೊಲೀಸರು ಅದೇ ದಿನ ಹೊನ್ನಾಳಿಯ ಮನೆಯಿಂದ ಫೋನು, ಲ್ಯಾಪ್‌ಟಾಪ್ ತೆಗೆದುಕೊಂಡು ಹೋದರು. ಕೇಸು ಇನ್ನೂ ನಡೆಯುತ್ತಿದೆ. ಎಲ್ಲ ರೂಟರುಗಳ ದೂರದ ಪ್ರವೇಶವನ್ನು ಭಾನುವಾರ ಒಂದೇ ದಿನದಲ್ಲಿ ಕಚೇರಿಯಿಂದಲೇ ಮುಚ್ಚಿದೆ. ತೆರೆಯುವುದು ಎಷ್ಟು ಸುಲಭವಿತ್ತೋ ಮುಚ್ಚುವುದೂ ಅಷ್ಟೇ ಸುಲಭ. ಯಾರಿಗೂ ಗೊತ್ತಾಗದ ಹಾಗೆ ಅಲ್ಲಿಗೇ ನಿಲ್ಲಿಸಬಹುದು ಎಂದು ಮಾಲೀಕರು ಸೂಚಿಸಿದರು. ನಾನು ರಾಜೀನಾಮೆ ಬರೆದು ಮೇಜಿನ ಮೇಲಿಟ್ಟೆ. ಮನೆಗಳನ್ನೆಲ್ಲ ಮುಗಿಸಿದ ಮೇಲೆ ಅದನ್ನು ಒಪ್ಪಿಕೊಳ್ಳಿ ಎಂದು ಕೇಳಿದೆ. ಅವರು ಓದಿ, ಮಡಚಿ ಡ್ರಾಯರಿನಲ್ಲಿಟ್ಟು, ಹಳ್ಳಿವಾರು ಪಟ್ಟಿಯನ್ನು ತಾವೇ ಮುದ್ರಿಸಿ ಕೊಟ್ಟರು.

ಸೋಮವಾರ ನ್ಯಾಮತಿ ಕಡೆಯಿಂದ ಶುರುಮಾಡಿದೆ. ಮೊದಲ ಮನೆ ಸವಳಂಗದಲ್ಲಿ. ಬಾಗಿಲ ಮುಂದೆ ನಿಂತು ಬೆಲ್ ಒತ್ತಲಾರದೆ ಒಮ್ಮೆ ರಸ್ತೆಯವರೆಗೆ ಹೋಗಿ ವಾಪಸ್ ಬಂದೆ. ನನ್ನ ವಯಸ್ಸಿನ ಒಬ್ಬ ಹೆಂಗಸು ಬಾಗಿಲು ತೆರೆದಳು. ಕೈಗೆ ಹಿಟ್ಟು ಅಂಟಿತ್ತು. ಹಿಂದೆ ಒಳಗೆ ಗೋಡೆಯ ಮೇಲೆ ರೂಟರಿನ ಹಸಿರು ದೀಪ ಮಿನುಗುತ್ತಿತ್ತು.

"ನೆಟ್‌ನೋರಾ? ನಮ್ಮದೇನೂ ತೊಂದ್ರೆ ಇಲ್ವಲ್ರೀ, ಚೆನ್ನಾಗೇ ಬರ್ತೈತೆ" ಎಂದಳು.

ನಿಮಗೆ ಒಂದು ವಿಷಯ ಹೇಳಬೇಕಿತ್ತು ಎಂದೆ. ಒಳಗೆ ಬರಬಹುದೇ ಎಂದು ಕೇಳಿ, ಅವಳು ಹೂಂ ಅನ್ನುವ ತನಕ ಹೊಸ್ತಿಲಾಚೆ ನಿಂತಿದ್ದೆ.